ಕೂತೇ ಮಲಗುವವರ ಪಕ್ಕದಲ್ಲಿ

ನಿದ್ದೆ ಬರುವುದಿಲ್ಲ ಅಂತ ಒಬ್ಬರ ಮುಂದೆ ಬಾಯಿಬಿಟ್ಟರೆ ಸಾಕು, ಇಡೀ ಬೀದಿಯೇ ಡಾಕ್ಟರಾಗಿಬಿಡುತ್ತದೆ. ದಾವಣಗೆರೆಯ ಸರಸ್ವತಿ ನಗರದಲ್ಲಿ ನಾವಿರುವ ಬೀದಿಯಲ್ಲಿ ನನಗೆ ಉಪಾಯ ಹೇಳದೆ ಉಳಿದವು ನಾಯಿಗಳು ಮಾತ್ರ. ಅವೂ ರಾತ್ರಿಯೆಲ್ಲ ಏನೋ ಹೇಳುತ್ತಲೇ ಇದ್ದವು, ನನಗೆ ಅರ್ಥವಾಗಲಿಲ್ಲ ಅಷ್ಟೇ.

ಹಾಲಿನವನು ಬಿಸಿ ಹಾಲಿಗೆ ಜಾಜಿಕಾಯಿ ತೇಯ್ದು ಹಾಕಿಕೊಂಡು ಕುಡಿಯಲು ಹೇಳಿದ. ಕುಡಿದೆ. ನಾಲಿಗೆ ಒಗರಾಯಿತು, ಕಣ್ಣು ಹಾಗೇ ಇತ್ತು. ತರಕಾರಿ ಮಾರುವಾಕೆ ಅಂಗಾಲಿಗೆ ಹರಳೆಣ್ಣೆ ತಿಕ್ಕಿಕೊಳ್ಳಿ ಅಂದಳು. ತಿಕ್ಕಿಕೊಂಡು ಮಲಗಿ, ಬೆಳಿಗ್ಗೆ ಬಚ್ಚಲಿಗೆ ಹೋಗುವಾಗ ಜಾರಿ ಸೊಂಟ ಹಿಡಿಸಿಕೊಂಡೆ. ಡಾಕ್ಟರು ಕೊಟ್ಟ ಮಾತ್ರೆ ರಾತ್ರಿ ಸುಮ್ಮನಿದ್ದು ಹಗಲು ಕೆಲಸ ಮಾಡಿತು. ನಾನು ಶಾಲೆಯೊಂದರಲ್ಲಿ ಹುಡುಗಿಯರಿಗೆ ಹೊಲಿಗೆ ಕಲಿಸುವವಳು. ಮಾತ್ರೆ ನುಂಗಿದ ಮರುದಿನ ಒಂದೇ ಜಂಪರಿಗೆ ಎರಡೂ ಬಲಗೈ ಕತ್ತರಿಸಿಟ್ಟೆ, ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಅದನ್ನು ಕಂಡ ನಮ್ಮ ಹೆಡ್‌ಮಿಸ್ಸು ಫೋನಿನಲ್ಲಿ ಒಂದು ವಿಡಿಯೋ ಹಾಕಿಕೊಟ್ಟರು. ಯಾರೋ ಒಬ್ಬಳು ಮೆತ್ತಗಿನ ದನಿಯಲ್ಲಿ ಉಸಿರು ಒಳಗೆ, ಉಸಿರು ಹೊರಗೆ ಅನ್ನುತ್ತಿದ್ದಳು. ನನಗೆ ಸಿಟ್ಟು ನೆತ್ತಿಗೇರಿತು. ಉಸಿರಿನ ಸುದ್ದಿಯೇ ನನಗೆ ಬೇಡವಾಗಿತ್ತು. ರಾತ್ರಿಯಿಡೀ ನಾನು ಮಾಡುತ್ತಿದ್ದ ಕೆಲಸವೇ ಅದು, ಇನ್ನೊಬ್ಬರ ಉಸಿರು ಕೇಳುವುದು.

ನಿದ್ದೆ ಯಾಕೆ ಬರುವುದಿಲ್ಲ ಅನ್ನುವುದನ್ನು ಮಾತ್ರ ನಾನು ಯಾರಿಗೂ ಹೇಳಿರಲಿಲ್ಲ. ಕಾರಣ ನನ್ನ ಪಕ್ಕದಲ್ಲೇ ಗೋಡೆಗೆ ಒರಗಿ ಕೂತಿರುತ್ತಿತ್ತು. ನನ್ನ ಗಂಡ.

ಅವರು ಹರಿಹರದ ಒಂದು ಅಕ್ಕಿ ಗಿರಣಿಯಲ್ಲಿ ಮೇಸ್ತ್ರಿಯಾಗಿದ್ದವರು. ಮಷಿನ್ನಿನ ಸದ್ದಿನ ಮೇಲೆ ಮಾತಾಡಿ ಮಾತಾಡಿ ಮನೆಯಲ್ಲೂ ಅದೇ ದನಿ. ಉಪ್ಪು ಕೇಳಿದರೆ ಆಚೆ ಮನೆಯವರು ಉಪ್ಪು ತರಬೇಕು, ಹಾಗೆ. ಕೆಲಸ ಬಿಟ್ಟ ಮೇಲೆ ದಮ್ಮು ಶುರುವಾಯಿತು. ಗಿರಣಿಯ ದೂಳಿನದು ಇರಬೇಕು ಅಂದುಕೊಂಡಿದ್ದೆವು. ಪರೀಕ್ಷೆ ಮಾಡಿದ ಡಾಕ್ಟರು, ದೂಳಲ್ಲ, ಹೃದಯ ದೊಡ್ಡದಾಗಿದೆ ಅಂದರು. ಇಷ್ಟು ವರ್ಷ ಜೊತೆಗಿದ್ದೂ ನನಗೆ ಅದು ಗೊತ್ತೇ ಆಗಲಿಲ್ಲ ನೋಡಿ ಅಂದೆ. ಇವರು ನಕ್ಕರು, ಡಾಕ್ಟರು ನಗಲಿಲ್ಲ. ಹೃದಯ ಸೋತಿದೆ, ಚಪ್ಪಟೆ ಮಲಗಿದರೆ ಎದೆಯಲ್ಲಿ ನೀರು ತುಂಬಿ ಉಸಿರು ಕಟ್ಟುತ್ತದೆ, ತಲೆದಿಂಬು ಎತ್ತರಿಸಿ ಮಲಗಿಸಿ, ಅದಕ್ಕೂ ಆಗದಿದ್ದರೆ ಕೂತೇ ಮಲಗಲಿ ಅಂದರು. ದಿಂಬಿನ ಮೇಲೆ ದಿಂಬು ಇಟ್ಟೆವು. ಅವರು ರಾತ್ರಿಯೆಲ್ಲ ಜಾರಿ ಜಾರಿ ಕೆಳಗೆ ಬಂದು, ಬಾಯಿ ತೆರೆದು ಎದ್ದು ಕೂಡುತ್ತಿದ್ದರು. ಕೊನೆಗೆ ಮಂಚದ ತಲೆಕಡೆಯ ಗೋಡೆಗೆ ಬೆನ್ನು ಕೊಟ್ಟು, ಕಾಲು ಮಡಚಿ, ಹೆಗಲಿಗೆ ಶಾಲು ಹೊದ್ದು ಕೂತೇ ಮಲಗುವುದು ರೂಢಿಯಾಯಿತು. ಅವರಿಗೆ ಸಲೀಸಾಯಿತು. ನನ್ನ ನಿದ್ದೆ ಅವತ್ತೇ ಹೋಯಿತು.

ನಾವು ಲಿಂಗಾಯತರು. ನಮ್ಮಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ, ಕೂಡ್ರಿಸುತ್ತಾರೆ. ಕಾಲು ಮಡಚಿ, ಗೋಡೆಗೆ ಒರಗಿಸಿ, ಹಣೆಗೆ ವಿಭೂತಿ ಹಚ್ಚಿ, ಶಾಲು ಹೊದಿಸಿ, ಹೂವಿನ ಹಾರ ಹಾಕಿ. ಹಾಗೆ ಕೂತವರ ಮುಂದೆ ಬೆಳತನಕ ಭಜನೆ ನಡೆಯುತ್ತದೆ. ಮಣ್ಣಿಗೆ ಹೋಗುವಾಗಲೂ ಕೂತೇ ಹೋಗುತ್ತಾರೆ. ನಾನು ಸಣ್ಣವಳಿದ್ದಾಗ ಹರಿಹರದ ತವರುಮನೆಯಲ್ಲಿ ನನ್ನ ಅಜ್ಜನನ್ನು ಹಾಗೆ ಕೂಡ್ರಿಸಿದ್ದರು. ಬೀಳಬಾರದೆಂದು ಎದೆಗೆ ಟವೆಲು ಸುತ್ತಿ ಹಿಂದಿನ ಕಿಟಕಿಯ ಸರಳಿಗೆ ಕಟ್ಟಿದ್ದರು. ನನ್ನನ್ನು ಎದುರಿಗೇ ಕೂರಿಸಿಕೊಂಡಿದ್ದರು. ಬೆಳಗಿನ ಜಾವ ಗಂಟು ಸಡಿಲವಾಗಿ ಅಜ್ಜನ ತಲೆ ಮೆಲ್ಲಗೆ ಒಂದು ಕಡೆ ವಾಲಿತು. ಅಜ್ಜ ತೂಕಡಿಸ್ತಾನೆ ಅಂತ ನಾನು ಅವ್ವನಿಗೆ ಹೇಳಿದೆ. ಯಾರೋ ಎದ್ದು ಹೋಗಿ ತಲೆ ನೆಟ್ಟಗೆ ಮಾಡಿ ಗಂಟು ಬಿಗಿದರು. ಭಜನೆ ಒಂದು ಕ್ಷಣವೂ ನಿಲ್ಲಲಿಲ್ಲ.

ಈಗ ನನ್ನ ಗಂಡನ ತಲೆ ಹಾಗೇ, ಅದೇ ಕಡೆಗೆ ವಾಲುತ್ತಿತ್ತು. ಸಂಜೆ ಲಿಂಗಪೂಜೆಗೆ ಹಚ್ಚಿದ ವಿಭೂತಿ ಹಣೆಯ ಮೇಲೆ ಹಾಗೇ ಇರುತ್ತಿತ್ತು. ಬೀದಿದೀಪದ ಬೆಳಕು ಕಿಟಕಿಯಿಂದ ಬಂದು ಅರ್ಧ ಮುಖದ ಮೇಲೆ ಬೀಳುತ್ತಿತ್ತು. ನಾನು ಕಣ್ಣುಮುಚ್ಚಿದರೆ ಭಜನೆ ಕೇಳುತ್ತಿತ್ತು, ಕಣ್ಣುಬಿಟ್ಟರೆ ಇವರು ಕೂತಿರುತ್ತಿದ್ದರು. ಮೂಗಿನ ಕೆಳಗೆ ಬೆರಳಿಟ್ಟು ನೋಡುತ್ತಿದ್ದೆ. ಬಿಸಿ ಗಾಳಿ ತಾಗಿದರೆ ಜೀವ ಬರುತ್ತಿತ್ತು, ಸ್ವಲ್ಪ ಹೊತ್ತಿಗೆ ಮತ್ತೆ ಅನುಮಾನ. ನಾನು ನಿದ್ದೆ ಹೋದರೆ ಅವರು ಹೊರಟುಬಿಡುತ್ತಾರೆ ಅನ್ನುವುದು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಹುಚ್ಚು ಅಂತ ಗೊತ್ತಿತ್ತು. ಗೊತ್ತಿದ್ದರೂ ಹೆದರಿಕೆ ಹೋಗಲಿಲ್ಲ.

ಒಂದು ದಿನ ಬೆಳಿಗ್ಗೆ ನಂದಿಗುಡಿಯಿಂದ ನನ್ನ ಚಿಕ್ಕಮ್ಮ ಮೊದಲ ಬಸ್ಸಿಗೇ ಹೊಸ ಅಕ್ಕಿ ಹೊತ್ತುಕೊಂಡು ಬಂದಳು. ರಾತ್ರಿಯ ಸೆಕೆಗೆ ಅವತ್ತು ಇವರು ನಡುಮನೆಯ ಗೋಡೆಗೆ ಒರಗಿ, ಬೆಳಗಿನ ತಂಪಿಗೆ ಶಾಲು ಎಳೆದುಕೊಂಡು ಮಲಗಿದ್ದರು. ನಾನು ಹಿತ್ತಲಲ್ಲಿ ನೀರು ಹಿಡಿಯುತ್ತಿದ್ದೆ. ಬಾಗಿಲು ತೆರೆದೇ ಇತ್ತು, ದೇವರ ಮುಂದೆ ಊದುಬತ್ತಿ ಹಚ್ಚಿದ್ದೆ. ಚಿಕ್ಕಮ್ಮ ಹೊಸ್ತಿಲಲ್ಲಿ ನಿಂತು ನೋಡಿದ್ದಾಳೆ. ಗೋಡೆಗೆ ಒರಗಿದ ಮನುಷ್ಯ, ವಿಭೂತಿ, ಶಾಲು, ಊದುಬತ್ತಿ ಹೊಗೆ. ಅಕ್ಕಿಚೀಲ ಅಲ್ಲೇ ಬಿಟ್ಟು, ಅವರ ಎದುರು ಕುಕ್ಕರಿಸಿ, ಎದೆ ಬಡಿದುಕೊಂಡು ಹಾಡಿಕೊಂಡು ಅಳಲು ಶುರುಮಾಡಿದಳು. ನನ್ನಪ್ಪ, ಗಿರಣಿಯ ದೊರೆ, ಯಾರಿಗೂ ಹೇಳದೆ ಹೊಂಟ್ಯಲ್ಲೋ ಅಂತ. ನಾನು ಕೊಡ ಎತ್ತಿಹಾಕಿ ಓಡಿಬಂದೆ. ಆ ಕೆಲವು ಹೆಜ್ಜೆಗಳಲ್ಲಿ ನಾನು ವಿಧವೆಯಾಗಿದ್ದೆ.

ಇವರು ಕಣ್ಣುಬಿಟ್ಟು, ಎದುರಿಗೆ ಅಳುತ್ತಿದ್ದವಳನ್ನು ಸ್ವಲ್ಪ ಹೊತ್ತು ನೋಡಿ, ಯಾವಾಗ ಬಂದ್ರಿ, ಚಾ ಆಯ್ತಾ ಅಂತ ಕೇಳಿದರು. ಚಿಕ್ಕಮ್ಮ ಕೂತಲ್ಲೇ ಹಿಂದಕ್ಕೆ ಬಿದ್ದಳು. ಆಮೇಲೆ ನಾವೆಲ್ಲ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕೆವು. ನಗುವಿನ ನಡುವೆ ನಾನೊಬ್ಬಳೇ ಬೇರೆಯದಕ್ಕೆ ಅಳುತ್ತಿದ್ದೆ, ಯಾರಿಗೂ ಗೊತ್ತಾಗಲಿಲ್ಲ.

ಗೊತ್ತಾದದ್ದು ಪಕ್ಕದ ಮನೆಯ ಆಪಾಗೆ. ಅವರದು ಗಾದಿ ಅಂಗಡಿ, ತಲೆತಲಾಂತರದಿಂದ ಹತ್ತಿ ಬಡಿದು ಗಾದಿ ತುಂಬುವ ಮನೆತನ. ಅಳುವ ಸದ್ದಿಗೆ ಅವರೂ ಓಡಿಬಂದಿದ್ದರು. ಎಲ್ಲರೂ ನಕ್ಕು ಸುಸ್ತಾದ ಮೇಲೆ ನನ್ನನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ನೀರು ಕೊಟ್ಟರು.

"ನಮ್ಮಲ್ಲಿ ಮಲಗಿಸ್ತಾರೆ ಟೀಚರ್," ಅಂದರು. "ನಮ್ಮ ಅಬ್ಬಾ ತೀರ್ಕೊಂಡ ಮ್ಯಾಲೆ ನಮ್ಮ ಮನಿಯೋರು ನೆಟ್ಟಗ ಮಲಗಿ ಮುಖದ ತನಕ ಚಾದರ ಎಳಕೊಂಡ್ರೆ ನಂಗೆ ಜೀವ ಹಾರ್ತಿತ್ತು. ಚಾದರ ಜಗ್ಗಿ ಜಗ್ಗಿ ಅವರ ನಿದ್ದಿನೂ ಕೆಡಿಸ್ದೆ. ಹೇಳ್ಬಿಡ್ರಿ ಅವರಿಗೆ. ಹೇಳ್ದಿದ್ರೆ ಹೋಗಾಂಗಿಲ್ಲ ಅದು."

ಹೇಗೆ ಹೇಳಲಿ? ನೀವು ಹೆಣದ ಹಾಗೆ ಕಾಣುತ್ತೀರಿ ಅಂತ ಕಟ್ಟಿಕೊಂಡ ಗಂಡನಿಗೆ ಯಾವ ಬಾಯಿಂದ ಹೇಳುವುದು? ಅದೂ ಕೂತರೆ ಮಾತ್ರ ಉಸಿರಾಡುವ ಮನುಷ್ಯನಿಗೆ. ಬಾಯಿ ಮುಚ್ಚಿಕೊಂಡೇ ಇದ್ದೆ.

ಚಿಕ್ಕಮ್ಮ ಮಾತ್ರ ನನ್ನ ಕಣ್ಣ ಕೆಳಗಿನ ಕಪ್ಪು ನೋಡಿ, ಇದು ಗಾಳಿಯದೇ ಕಾಟ ಅಂತ ತೀರ್ಪು ಕೊಟ್ಟಳು. ಉಕ್ಕಡಗಾತ್ರಿಗೆ ಹೋಗಿ ಬಂದರೆ ಎಂಥ ಗಾಳಿಯಾದರೂ ಬಿಡುತ್ತದೆ ಅಂತ ಗಂಟುಬಿದ್ದಳು. ನಾನು ಬೇಡವೆಂದಷ್ಟೂ ಇವರಿಗೆ ಹುರುಪು. ಕಿಟಕಿ ಪಕ್ಕ ಸೀಟು ಹಿಡಿದು ಮೂವರೂ ಹೋದೆವು. ಹೊಳೆಯಲ್ಲಿ ಮುಳುಗು ಹಾಕಿದೆ, ಕರಿಬಸವೇಶ್ವರನಿಗೆ ಕಾಯಿ ಒಡೆಸಿದೆ. ಅಂಗಳದಲ್ಲಿ ಒಬ್ಬ ಹೆಂಗಸು ಕೂದಲು ಬಿಚ್ಚಿ ತಲೆ ತಿರುಗಿಸುತ್ತಿದ್ದಳು. ಅವಳ ಕಣ್ಣೊಳಗೆ ನಿದ್ದೆಗೆಟ್ಟ ಕೆಂಪು ಕಂಡು ನನಗೆ ಅವಳ ಕೈ ಹಿಡಿದುಕೊಳ್ಳಬೇಕು ಅನ್ನಿಸಿತು. ಅವಳ ಮನೆಯಲ್ಲಿ ಯಾರು ಹೇಗೆ ಮಲಗುತ್ತಾರೋ ಯಾರಿಗೆ ಗೊತ್ತು.

ವಾಪಸು ಬರುವಾಗ ಬಸ್ಸಿನಲ್ಲಿ ಒಂದು ಆಶ್ಚರ್ಯ ನಡೆಯಿತು. ನಾನು ನಿದ್ದೆ ಹೋದೆ. ತೂಕಡಿಕೆಯಲ್ಲ, ಜೊಲ್ಲು ಸುರಿಸುವಂಥ ನಿದ್ದೆ, ಇವರ ಹೆಗಲ ಮೇಲೆ. ಹರಿಹರದ ಬಸ್ ಸ್ಟ್ಯಾಂಡಿನಲ್ಲಿ ಇವರು ಅಲ್ಲಾಡಿಸಿ ಎಬ್ಬಿಸಬೇಕಾಯಿತು. ಅಂಗಿ ತೋಳೆಲ್ಲ ಒದ್ದೆ. ಚಿಕ್ಕಮ್ಮ ನನ್ನ ನಿದ್ದೆ ನೋಡಿ ದೇವರ ಮಹಿಮೆ ಅಂತ ಕೈಮುಗಿದು ದಾರಿಯಲ್ಲೇ ನಂದಿಗುಡಿಯಲ್ಲಿ ಇಳಿದುಹೋಗಿದ್ದಳಂತೆ. ದಾವಣಗೆರೆ ಬಸ್ಸಿಗೆ ಕಾಯುತ್ತ ನಾವಿಬ್ಬರೂ ಕಲ್ಲುಬೆಂಚಿನ ಮೇಲೆ ಕೂತೆವು. ಇವರು ನನಗೊಂದು ಬಸ್ ಪಾಸು ಮಾಡಿಸುವ ಮಾತೆತ್ತಿ, ದಿನಾ ರಾತ್ರಿ ಶಿವಮೊಗ್ಗಕ್ಕೆ ಹೋಗಿ ಮಲಗಿ ಬಾ ಅಂತ ರೇಗಿಸಿದರು. ನಾನು ನಗಲಿಲ್ಲ. ಬಸ್ಸಿನಲ್ಲಿ ನಿದ್ದೆ ಯಾಕೆ ಬಂತು ಅನ್ನುವುದು ನನಗೆ ಆಗ ಹೊಳೆದಿತ್ತು. ಬಸ್ಸಿನಲ್ಲಿ ಎಲ್ಲರೂ ಕೂತೇ ಇರುತ್ತಾರೆ. ಅಲ್ಲಿ ಕೂತವನು ಬರೀ ಪ್ರಯಾಣಿಕ.

ಅಲ್ಲೇ ಹೇಳಿಬಿಟ್ಟೆ. ಅಜ್ಜನ ಕಥೆ, ಟವೆಲು, ಗಂಟು, ಮೂಗಿನ ಕೆಳಗಿಡುವ ಬೆರಳು, ಎಲ್ಲ. ಹೇಳುತ್ತ ಹೇಳುತ್ತ ನನಗೇ ಅಸಹ್ಯವಾಯಿತು. ಇವರು ಎದುರಿಗೆ ನಿಂತ ಬಸ್ಸನ್ನೇ ನೋಡುತ್ತಿದ್ದರು. ಗಿರಣಿಯ ದನಿ ಎಲ್ಲಿ ಹೋಯಿತೋ, ಬಲು ಸಣ್ಣಗೆ ಕೇಳಿದರು.

"ಇಷ್ಟು ದಿನ ಹೆಂಗೆ ತಡ್ಕೊಂಡೆ?"

ಅವತ್ತು ರಾತ್ರಿ ಅವರು ಮಂಚದ ಮೇಲೆ ಉದ್ದಕ್ಕೆ ಮಲಗಿದರು. ನಾನು ಬೈದೆ. ಹೊಸ ಮಾತ್ರೆಗೆ ಎದೆ ಹಗುರಾಗಿದೆ, ಈಗ ಮಲಗಿದರೂ ಏನೂ ಆಗುವುದಿಲ್ಲ ಅಂದರು. ಮಾತ್ರೆ ಬದಲಾಗಿದ್ದೂ ನಿಜ, ಅದಕ್ಕೇ ನಂಬಿದೆ. ನಂಬಬೇಕು ಅಂತ ಆಸೆಯೂ ಇತ್ತು. ಪಕ್ಕದಲ್ಲಿ ಗಂಡ ಗಂಡನ ಹಾಗೆ ಮಲಗಿದ್ದ. ನಾನು ಕಲ್ಲಿನ ಹಾಗೆ ನಿದ್ದೆ ಹೋದೆ. ಮರುದಿನವೂ. ಅದರ ಮರುದಿನವೂ. ಕಣ್ಣ ಕೆಳಗಿನ ಕಪ್ಪು ತಿಳಿಯಾಯಿತು. ಶಾಲೆಯಲ್ಲಿ ಹೆಡ್‌ಮಿಸ್ಸು ವಿಡಿಯೋದಿಂದ ಅಂತ ಬೀಗಿದರು, ಹಾಲಿನವನು ಜಾಜಿಕಾಯಿಯಿಂದ ಅಂದ, ಚಿಕ್ಕಮ್ಮ ಉಕ್ಕಡಗಾತ್ರಿಯ ಅಜ್ಜಯ್ಯನಿಂದ ಅಂದಳು. ನಾನು ಎಲ್ಲರಿಗೂ ಹೂಂ ಅಂದೆ.

ಒಂದು ರಾತ್ರಿ ಬಾಯಾರಿ ಎಚ್ಚರವಾಯಿತು. ಪಕ್ಕದಲ್ಲಿ ಇವರಿಲ್ಲ. ನೀರು ಕುಡಿಯಲು ಹೋದವಳು ನಡುಮನೆಯ ಬಾಗಿಲಲ್ಲೇ ನಿಂತೆ. ಕತ್ತಲಲ್ಲಿ ಗೋಡೆಗೆ ಒರಗಿ ಕೂತಿದ್ದರು. ಕಣ್ಣು ತೆರೆದಿತ್ತು. ಒಂದು ಕೈ ಎದೆಯ ಮೇಲೆ, ಇನ್ನೊಂದು ಕೈಯಲ್ಲಿ ಪೇಪರು ಮಡಚಿ ಗಾಳಿ ಹಾಕಿಕೊಳ್ಳುತ್ತಿದ್ದರು. ಓಡಿಬಂದವರ ಹಾಗೆ ಏದುಸಿರು. ಫ್ಯಾನು ಹಾಕಿದರೆ ನನಗೆ ಎಚ್ಚರವಾದೀತು ಅಂತ ಅದನ್ನೂ ಹಾಕಿರಲಿಲ್ಲ. ನನಗೆ ಎಲ್ಲ ತಿಳಿದುಹೋಯಿತು. ನನಗೆ ನಿದ್ದೆ ಬರುವ ತನಕ ಪಕ್ಕದಲ್ಲಿ ಉಸಿರು ಹಿಡಿದು ಮಲಗುವುದು, ಬಂದ ಮೇಲೆ ಎದ್ದು ಹೋಗಿ ಕೂಡುವುದು, ನಾನು ಏಳುವ ಮೊದಲು ಬಂದು ಮತ್ತೆ ಉದ್ದಕ್ಕೆ ಮಲಗುವುದು. ಇಷ್ಟು ದಿನ ನನ್ನ ನಿದ್ದೆಗೆ ಈ ಮನುಷ್ಯ ತನ್ನ ಉಸಿರು ತೆತ್ತಿದ್ದ. ಹೋಗಿ ಎರಡು ಬಾರಿಸಬೇಕು ಅನ್ನಿಸಿತು, ತಬ್ಬಿಕೊಳ್ಳಬೇಕು ಅಂತಲೂ ಅನ್ನಿಸಿತು. ಎರಡೂ ಮಾಡದೆ ಹಿಂದೆ ಬಂದು ಮಲಗಿದೆ.

ಜಗಳ ತೆಗೆದಿದ್ದರೆ ಅವರು ಒಪ್ಪುತ್ತಿರಲಿಲ್ಲ. ಹಟದ ಮನುಷ್ಯ. ಇನ್ನೂ ಚೆನ್ನಾಗಿ ಮುಚ್ಚಿಡುತ್ತಿದ್ದರು. ಅದಕ್ಕೆ ನಾನು ಬೇರೆ ದಾರಿ ಹಿಡಿದೆ. ಮರುದಿನದಿಂದ ಮಲಗಿದ ತಕ್ಷಣ ನಿದ್ದೆ ಬಂದವಳ ಹಾಗೆ ಮಾಡತೊಡಗಿದೆ. ಅವರ ಕಡೆ ಹೊರಳಿ, ಬಾಯಿ ಸ್ವಲ್ಪ ತೆರೆದು, ಉಸಿರು ಉದ್ದಕ್ಕೆ ಬಿಡುವುದು. ಇವಳು ಬೇಗ ಮಲಗಿದಳು ಅಂತ ಅವರು ಬೇಗ ಎದ್ದುಹೋಗಿ ಸುಖವಾಗಿ ಕೂಡಲಿ ಅಂತ. ತಮಾಷೆಯೆಂದರೆ, ಅಷ್ಟೆಲ್ಲ ಉಪಾಯಗಳಲ್ಲಿ ನನಗೆ ನಾಟಿದ್ದು ಇದೊಂದೇ. ಅವರಿಗೋಸ್ಕರ ಸುಳ್ಳು ನಿದ್ದೆ ಮಾಡುತ್ತ ಮಾಡುತ್ತ ಅದರೊಳಗೇ ನಿಜವಾದ ನಿದ್ದೆಗೆ ಇಳಿದುಬಿಡುತ್ತಿದ್ದೆ. ಅವರು ಎದ್ದು ಹೋಗುವ ಸದ್ದು ಒಂದು ದಿನವೂ ನನ್ನ ಕಿವಿಗೆ ಬೀಳಲಿಲ್ಲ. ನನ್ನ ನಾಟಕ ಅಷ್ಟು ಚೆನ್ನಾಗಿದೆ, ನನಗೆ ಗೊತ್ತಾಗದಷ್ಟು ಮೆಲ್ಲಗೆ ಬೇಗ ಎದ್ದು ಹೋಗುತ್ತಾರೆ ಅಂತ ಒಳಗೊಳಗೇ ಹೆಮ್ಮೆಪಟ್ಟುಕೊಂಡಿದ್ದೆ.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಎದ್ದಾಗ ಅವರ ಜಾಗ ಖಾಲಿಯಿತ್ತು. ಅಷ್ಟು ಹೊತ್ತಿಗೆ ಅವರು ಯಾವತ್ತೂ ವಾಪಸು ಬಂದು ಮಲಗಿರುತ್ತಿದ್ದರು. ನಡುಮನೆಯಲ್ಲಿ ಗೋಡೆಗೆ ಒರಗಿ, ಕಾಲು ಮಡಚಿ, ಶಾಲು ಹೊದ್ದು ಕೂತಿದ್ದರು. ತಲೆ ಒಂದು ಕಡೆ ವಾಲಿತ್ತು. ನಾನು ಬೆರಳು ಮೂಗಿನ ಹತ್ತಿರ ಒಯ್ಯಲಿಲ್ಲ. ಎದುರಿಗೆ ಕೂತುಕೊಂಡೆ, ಬಹಳ ಹೊತ್ತು. ಅವರು ಕಣ್ಣುಬಿಟ್ಟು ಚಾ ಆಯ್ತಾ ಅಂತ ಕೇಳಲಿ ಅಂತ ಕಾಯ್ದೆ. ಹರಿಹರಕ್ಕೆ ಕೊಟ್ಟಿದ್ದ ಮಗಳು, ಅಳಿಯ ಬಂದರು, ನೆಂಟರು ಬಂದರು. ಕೂಡ್ರಿಸಲು ಅಂತ ಟವೆಲು ಹಿಡಿದು ಬಂದ ಹಿರಿಯರೊಬ್ಬರು ನೋಡಿ ಟವೆಲನ್ನು ಮತ್ತೆ ಹೆಗಲಿಗೆ ಹಾಕಿಕೊಂಡರು.

"ನಾವು ಮಾಡೋದು ಏನೂ ಉಳಿಸಿಲ್ಲ ಕಣವ್ವಾ," ಅಂದರು. "ತಾನ ಕೂತಾನೆ."

ಬೆಳತನಕ ಭಜನೆಯಾಯಿತು. ಸಣ್ಣವಳಿದ್ದಾಗಿನಿಂದ ಹೆದರಿದ್ದ ಆ ಮುಖವನ್ನು ನಾನು ಇಡೀ ರಾತ್ರಿ ನೋಡಿದೆ, ಹೆದರಿಕೆಯಾಗಲಿಲ್ಲ. ಅದು ಬರೀ ನನ್ನ ಗಂಡನ ಮುಖ. ಇಷ್ಟು ದಿನವೂ ಅವರನ್ನು ಹಾಗೇ ನನ್ನ ಪಕ್ಕದಲ್ಲಿ ಕೂತು ಮಲಗಲು ಬಿಡಬಹುದಿತ್ತಲ್ಲ ಅಂತ ಸಂಕಟವಾಯಿತು.

ಶಿವಗಣಾರಾಧನೆಯ ಊಟ ಮುಗಿದು ಬಂದವರೆಲ್ಲ ಹೋದ ಮೇಲೆ ಆಪಾ ಬಂದು ಪಕ್ಕದಲ್ಲಿ ಕೂತರು. ಇವರು ಆಚೆ ತಿಂಗಳು ಅವರ ಅಂಗಡಿಗೆ ಹೋಗಿ, ಗೋಡೆಗೆ ಒರಗಲು ಒಂದು ಗಟ್ಟಿ ಲೋಡು ತುಂಬಿಕೊಡಿ, ಮನೆಯಲ್ಲಿ ಹೇಳಬೇಡಿ ಅಂದಿದ್ದರಂತೆ. ಯಾಕೆ ಅಂತ ಕೇಳಿದ್ದಕ್ಕೆ ಎಲ್ಲ ಹೇಳಿಕೊಂಡಿದ್ದರಂತೆ. ನನಗೂ ಗೊತ್ತು ಆಪಾ, ನಾನೂ ಅವರಿಗೋಸ್ಕರ ಮಲಗಿದ ಹಾಗೆ ಮಾಡುತ್ತಿದ್ದೆ, ಅವರು ಬೇಗ ಎದ್ದು ಹೋಗಲಿ ಅಂತ ಅಂದೆ. ಆಪಾ ನನ್ನ ಮುಖ ನೋಡಿದರು. ಹೇಳಬೇಕೋ ಬೇಡವೋ ಅಂತ ಅಳೆಯುತ್ತಿದ್ದರು ಅಂತ ಕಾಣುತ್ತದೆ.

"ಅದೂ ಗೊತ್ತಿತ್ತು ಅವರಿಗೆ," ಅಂದರು. "ನಮ್ಮಾಕಿ ಮಲಗಿದಂಗೆ ಮಾಡ್ತಾಳೆ ಅಂತ ನಗ್ತಿದ್ರು. ಆದ್ರೆ ಆಕಿ ಕೈ ನನ್ನ ಬನೀನು ಗಟ್ಟಿ ಹಿಡ್ಕೊಂಡಿರ್ತೈತೆ, ಖರೇ ನಿದ್ದಿ ಬಂದ್ರೇನೇ ಬಿಡೋದು, ಅಲ್ಲೀತನ ಏಳಂಗಿಲ್ಲ ನಾನು ಅಂದ್ರು."

ನನ್ನ ಕೈ ಅವರನ್ನು ಹಿಡಿದುಕೊಂಡಿರುತ್ತಿತ್ತು ಅನ್ನುವುದೇ ನನಗೆ ಗೊತ್ತಿರಲಿಲ್ಲ. ಉಸಿರು, ಬಾಯಿ, ಕಣ್ಣು, ಎಲ್ಲಕ್ಕೂ ನಾಟಕ ಕಲಿಸಿದ್ದೆ, ಕೈಯನ್ನು ಮರೆತಿದ್ದೆ. ಅವರು ಎದೆಯಲ್ಲಿ ನೀರು ತುಂಬಿಕೊಂಡು, ಆ ಕೈ ತಾನಾಗಿ ಸಡಿಲವಾಗುವ ತನಕ ದಿನಾ ಕಾದಿದ್ದರು. ಬಿಡಿಸಿಕೊಂಡು ಹೋಗಿರಲಿಲ್ಲ.

ಈಗಲೂ ಜನ ಉಪಾಯ ಹೇಳುತ್ತಾರೆ. ಬಿಸಿನೀರಿನಲ್ಲಿ ಕಾಲಿಡಿ, ಗಸಗಸೆ ಪಾಯಸ ಕುಡಿಯಿರಿ, ಫೋನು ದೂರ ಇಡಿ. ಎಲ್ಲ ಮಾಡುತ್ತೇನೆ. ಆಮೇಲೆ ದೀಪ ಆರಿಸಿ, ಅವರ ಜಾಗದ ಕಡೆ ಹೊರಳಿ, ಉಸಿರು ಉದ್ದಕ್ಕೆ ಬಿಟ್ಟು, ಮಲಗಿದ ಹಾಗೆ ಮಾಡುತ್ತೇನೆ. ಕೈ ಮಾತ್ರ ಹಾಸಿಗೆಯ ಅಂಚನ್ನು ಹಿಡಿದುಕೊಂಡಿರುತ್ತದೆ. ಬಿಡು, ಬಿಡು ಅಂತ ಅದಕ್ಕೆ ಹೇಳಿ ನೋಡುತ್ತೇನೆ. ಬಿಡುವುದಿಲ್ಲ.